ವರ್ಜಿನ್ ದ್ವೀಪಗಳಲ್ಲಿ ಹಾಯಿನೌಕೆಯ ಸಂಸಾರ

ಕೆರಿಬಿಯನ್ ಸಮುದ್ರದ ಈಶಾನ್ಯದ ಅಂಚಿನಲ್ಲಿ, ಪೋರ್ಟೊ ರಿಕೊದ ಪೂರ್ವಕ್ಕೆ, ಸುಮಾರು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಚದುರಿಕೊಂಡಿರುವ ಬ್ರಿಟಿಷ್ ವರ್ಜಿನ್ ದ್ವೀಪಗಳ ಒಟ್ಟು ನೆಲ 150 ಚದರ ಕಿಲೋಮೀಟರಿನ ಆಸುಪಾಸಿನಷ್ಟೇ ಆದರೂ, ಬಾಡಿಗೆಗೆ ದೊರೆಯುವ ಹಾಯಿನೌಕೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ನೆಲೆಗೊಂಡಿರುವ ಜಗತ್ತಿನ ತಾಣಗಳಲ್ಲಿ ಅವು ಒಂದಾಗಿವೆ. ಸುಮಾರು ಅರವತ್ತು ದ್ವೀಪ, ಕಿರುದ್ವೀಪ ಮತ್ತು ಬಂಡೆಗಳ ಈ ಸಮೂಹದಲ್ಲಿ ಜನವಸತಿ ಇರುವವು ಕೆಲವೇ. ಟಾರ್ಟೊಲಾ, ವರ್ಜಿನ್ ಗೋರ್ಡಾ, ಅನೆಗಾಡಾ ಮತ್ತು ಯಾಸ್ಟ್ ವಾನ್ ಡೈಕ್ ಅವುಗಳಲ್ಲಿ ಮುಖ್ಯವಾದವು, ಉಳಿದವುಗಳಲ್ಲಿ ಬಹುಪಾಲು ಕುರುಚಲು ಕಾಡು, ಪಾಪಸುಕಳ್ಳಿ ಮತ್ತು ಕಡಲಹಕ್ಕಿಗಳ ನೆಲೆಗಳು. ಸಮುದ್ರಯಾನದ ವೃತ್ತಿಯವರಲ್ಲದ ಸಾಮಾನ್ಯ ಕುಟುಂಬಗಳು ಒಂದೆರಡು ವಾರಗಳ ಮಟ್ಟಿಗೆ ನೌಕೆಯೊಂದನ್ನೇ ಮನೆಯಾಗಿಸಿಕೊಂಡು, ಬಂಧುಮಿತ್ರರೊಡನೆ ದ್ವೀಪದಿಂದ ದ್ವೀಪಕ್ಕೆ ಗಾಳಿಯ ಬಲದಿಂದಲೇ ಸಾಗುವ ಪದ್ಧತಿ ಇಲ್ಲಿ ಇಷ್ಟು ಆಳವಾಗಿ ಬೇರೂರಿರುವುದಕ್ಕೆ ಬಿಳಿ ಮರಳು, ನೀಲಿ ನೀರು ಮಾತ್ರ ಕಾರಣವಲ್ಲ. ಅಂಥ ಮರಳೂ ನೀರೂ ಉಷ್ಣವಲಯದ ನೂರಾರು ಕಡೆ ಇವೆ. ಆದರೆ ಗಾಳಿ, ನೆಲದ ವಿನ್ಯಾಸ ಮತ್ತು ಕಡಲನ್ನು ಬಲ್ಲ ಜನ, ಈ ಮೂರೂ ಹೀಗೆ ಹೊಂದಿಕೊಂಡು ಬಂದಿರುವ ತಾಣಗಳು ವಿರಳ.

ಗಾಳಿಯ ವಿಚಾರವನ್ನು ಮೊದಲು ನೋಡಬೇಕು, ಏಕೆಂದರೆ ಹಾಯಿನೌಕೆಯ ದಿನಚರಿಯೆಲ್ಲ ಅದರ ಮೇಲೆ ನಿಂತಿದೆ. ಸಮಭಾಜಕ ವೃತ್ತದ ಸುತ್ತಲಿನ ಬಿಸಿಗಾಳಿ ಮೇಲೇರಿ, ಉತ್ತರ ದಕ್ಷಿಣಗಳಿಗೆ ಹರಿದು, ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಕೆಳಗಿಳಿದು ಅಲ್ಲಿ ಅಧಿಕ ಒತ್ತಡದ ಪಟ್ಟಿಯೊಂದನ್ನು ಉಂಟುಮಾಡುತ್ತದೆ. ಆ ಪಟ್ಟಿಯಿಂದ ಸಮಭಾಜಕದ ಕಡಿಮೆ ಒತ್ತಡದ ವಲಯಕ್ಕೆ ನೆಲಮಟ್ಟದಲ್ಲಿ ಮರಳಿ ಬೀಸುವ ಗಾಳಿ, ಭೂಮಿಯ ಆವರ್ತನೆಯಿಂದಾಗಿ ಉತ್ತರಾರ್ಧಗೋಳದಲ್ಲಿ ತನ್ನ ಬಲಕ್ಕೆ ಓರೆಯಾಗಿ, ಈಶಾನ್ಯದ ಕಡೆಯಿಂದ ಬರುವ ವಾಣಿಜ್ಯ ಮಾರುತವಾಗುತ್ತದೆ. ವರ್ಜಿನ್ ದ್ವೀಪಗಳು ಈ ಮಾರುತದ ದಾರಿಯಲ್ಲೇ ಇರುವುದರಿಂದ ವರ್ಷದ ಬಹುಪಾಲು ದಿನ ಅಲ್ಲಿ ಪೂರ್ವದ ಕಡೆಯಿಂದ 15ರಿಂದ 20 ನಾಟ್ ವೇಗದ ಗಾಳಿ ಬೀಸುತ್ತದೆ. ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ 1,852 ಮೀಟರ್. ಚಳಿಗಾಲದಲ್ಲಿ ಗಾಳಿ ಈಶಾನ್ಯಕ್ಕೂ ಬೇಸಿಗೆಯಲ್ಲಿ ಆಗ್ನೇಯಕ್ಕೂ ಕೊಂಚ ವಾಲುತ್ತದೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಕೆಲವು ದಿನ 25 ನಾಟ್ ದಾಟುವುದುಂಟು, ಅದನ್ನು ಅಲ್ಲಿನವರು ಕ್ರಿಸ್‌ಮಸ್ ಗಾಳಿ ಎನ್ನುತ್ತಾರೆ. ಕರ್ನಾಟಕದ ಕರಾವಳಿ ಬಲ್ಲ ಗಾಳಿಯ ಸ್ವಭಾವ ಇದಕ್ಕಿಂತ ತೀರ ಬೇರೆ. ಇಲ್ಲಿ ಮಾನ್ಸೂನ್ ಮಾರುತ ವರ್ಷಕ್ಕೆರಡು ಬಾರಿ ದಿಕ್ಕನ್ನೇ ಬದಲಿಸುತ್ತದೆ, ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಮಳೆಗಾಲದ ತಿಂಗಳುಗಳಲ್ಲಿ ಕಡಲಿಗಿಳಿಯದೆ ಕಾಯುತ್ತವೆ. ನಾಳೆಯೂ ಗಾಳಿ ಇದೇ ದಿಕ್ಕಿನಿಂದ ಹೆಚ್ಚುಕಡಿಮೆ ಇದೇ ವೇಗದಲ್ಲಿ ಬರುವುದೆಂಬ ಭರವಸೆಯ ಮೇಲೆ ವಾರದ ಪ್ರಯಾಣವನ್ನು ಯೋಜಿಸಲು ಸಾಧ್ಯವಾಗಿರುವುದೇ ವರ್ಜಿನ್ ದ್ವೀಪಗಳ ಮೊದಲ ಅನುಕೂಲ.

ಎರಡನೆಯದು ದ್ವೀಪಗಳು ನಿಂತಿರುವ ರೀತಿ. ಉತ್ತರಕ್ಕೆ ಟಾರ್ಟೊಲಾದ ಉದ್ದನೆಯ ಗುಡ್ಡಸಾಲು, 523 ಮೀಟರ್ ಎತ್ತರದ ಸೇಜ್ ಪರ್ವತದೊಡನೆ ಹಬ್ಬಿಕೊಂಡಿದ್ದರೆ, ದಕ್ಷಿಣಕ್ಕೆ ನಾರ್ಮನ್, ಪೀಟರ್, ಸಾಲ್ಟ್, ಕೂಪರ್ ಮತ್ತು ಜಿಂಜರ್ ಎಂಬ ಸಣ್ಣ ದ್ವೀಪಗಳು ಸಾಲಾಗಿ ನಿಂತು ತೆರೆದ ಕಡಲಿನ ದೊಡ್ಡ ಅಲೆಗಳನ್ನು ತಡೆಯುತ್ತವೆ. ಇವೆರಡರ ನಡುವಿನ ಜಲಮಾರ್ಗಕ್ಕೆ, 1595ರಲ್ಲಿ ಇದರ ಮೂಲಕ ಹಾದುಹೋದ ಇಂಗ್ಲಿಷ್ ನಾವಿಕನ ನೆನಪಿನಲ್ಲಿ, ಸರ್ ಫ್ರಾನ್ಸಿಸ್ ಡ್ರೇಕ್ ಚಾನೆಲ್ ಎಂಬ ಹೆಸರಿದೆ. ಗಾಳಿ ಧಾರಾಳವಾಗಿದ್ದೂ ಅಲೆ ತಗ್ಗಿರುವ ಇಂಥ ಜಾಗ ನೌಕಾಯಾನ ಕಲಿಯುವವರಿಗೆ ವರವೇ ಸರಿ. ಉಬ್ಬರವಿಳಿತದ ಅಂತರ ಇಲ್ಲಿ ಸುಮಾರು 30 ಸೆಂಟಿಮೀಟರ್ ಮಾತ್ರವಾದ್ದರಿಂದ ಸಂಜೆ ಐದು ಮೀಟರ್ ನೀರಿನಲ್ಲಿ ನಿಲ್ಲಿಸಿದ ನೌಕೆ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಕೂರುವ ಭಯವಿಲ್ಲ. ಒಂದು ದ್ವೀಪದಿಂದ ಹೊರಡುವಾಗಲೇ ಮುಂದಿನ ದ್ವೀಪ ಕಣ್ಣಿಗೆ ಕಾಣುತ್ತಿರುತ್ತದೆ, ಒಂದು ದಿನದ ಪಯಣ ಸಾಮಾನ್ಯವಾಗಿ ಎರಡು ಮೂರು ಗಂಟೆಗಳನ್ನು ಮೀರುವುದಿಲ್ಲ, ಹೀಗಾಗಿ ಎಳೆಯ ಮಕ್ಕಳಿಗೂ ವಯಸ್ಸಾದ ತಂದೆತಾಯಿಯರಿಗೂ ಪ್ರಯಾಣ ಹಿಂಸೆಯಾಗುವುದಿಲ್ಲ.

ಹಾಯಿ ಕೆಲಸ ಮಾಡುವ ಬಗೆಯ ಕುರಿತು ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ: ಗಾಳಿ ಹಿಂದಿನಿಂದ ನೂಕಿದರೆ ಮಾತ್ರ ನೌಕೆ ಮುಂದೆ ಹೋಗುತ್ತದೆ ಎಂಬುದು. ಗಾಳಿ ಬೆನ್ನಿಗಿದ್ದಾಗ ಆಗುವುದು ಅದೇ. ಆದರೆ ಗಾಳಿ ಓರೆಯಾಗಿ ಎದುರಿನಿಂದ ಬಂದಾಗ ಬಾಗಿದ ಹಾಯಿಯ ಎರಡು ಮೈಗಳ ಮೇಲೆ ಹರಿಯುವ ಗಾಳಿಯ ಒತ್ತಡದಲ್ಲಿ ವ್ಯತ್ಯಾಸವುಂಟಾಗಿ, ವಿಮಾನದ ರೆಕ್ಕೆಯನ್ನು ಮೇಲೆತ್ತುವ ಬಲದಂಥದ್ದೇ ಒಂದು ಬಲ ಹಾಯಿಯನ್ನು ಮುಂದಕ್ಕೂ ಪಕ್ಕಕ್ಕೂ ಸೆಳೆಯುತ್ತದೆ, ಪಕ್ಕದ ಸೆಳೆತವನ್ನು ನೀರಿನೊಳಗೆ ಇಳಿದಿರುವ ಕೀಲ್ ಎಂಬ ಭಾರವಾದ ತಳಪಟ್ಟಿ ತಡೆದು ಮುಂದಿನ ಚಲನೆಯನ್ನು ಉಳಿಸಿಕೊಡುತ್ತದೆ. ಆದರೂ ಗಾಳಿ ಬರುವ ನೇರ ದಿಕ್ಕಿಗೆ ಯಾವ ಹಾಯಿನೌಕೆಯೂ ಸಾಗಲಾರದು. ಆ ದಿಕ್ಕಿನ ಎಡಬಲಕ್ಕೆ ಸುಮಾರು 45 ಡಿಗ್ರಿಗಳ ಒಳಗೆ ಹಾಯಿ ಸುಮ್ಮನೆ ಪಟಪಟಿಸುತ್ತದೆ. ಆದ್ದರಿಂದ ಪೂರ್ವದ ವರ್ಜಿನ್ ಗೋರ್ಡಾಕ್ಕೆ ಹೋಗಬೇಕಾದವರು ಒಮ್ಮೆ ಈಶಾನ್ಯಕ್ಕೆ, ಒಮ್ಮೆ ಆಗ್ನೇಯಕ್ಕೆ ತಿರುಗುತ್ತ ಅಂಕುಡೊಂಕಾಗಿ ಮೇಲೇರುತ್ತಾರೆ. ಈ ಕ್ರಮಕ್ಕೆ ಟ್ಯಾಕಿಂಗ್ ಎಂದು ಹೆಸರು. ಪ್ರತಿ ತಿರುವಿನಲ್ಲಿ ಒಬ್ಬರು ಚುಕ್ಕಾಣಿ ತಿರುಗಿಸಿ, ಒಬ್ಬರು ಒಂದು ಬದಿಯ ಹಗ್ಗ ಬಿಟ್ಟು, ಮತ್ತೊಬ್ಬರು ಇನ್ನೊಂದು ಬದಿಯ ಹಗ್ಗವನ್ನು ರಾಟೆಗೆ ಸುತ್ತಿ ಎಳೆಯಬೇಕಾಗುತ್ತದೆ. ಗಾಳಿ ಹೆಚ್ಚಾದಾಗ ದೊಡ್ಡ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟಿ ಅದರ ಹರವನ್ನು ತಗ್ಗಿಸುತ್ತಾರೆ, ಮತ್ತು ಇದನ್ನು ಅಗತ್ಯವೆನಿಸುವುದಕ್ಕೆ ಮುಂಚೆಯೇ ಮಾಡುವುದು ವಿವೇಕವೆಂದು ಅನುಭವಿಗಳು ಒತ್ತಿ ಹೇಳುತ್ತಾರೆ.

ಚಾಲಕ ಸಿಬ್ಬಂದಿಯಿಲ್ಲದೆ ಬರಿಯ ನೌಕೆಯನ್ನಷ್ಟೇ ಬಾಡಿಗೆಗೆ ಪಡೆಯುವ ಪದ್ಧತಿಗೆ ಬೇರ್‌ಬೋಟ್ ಚಾರ್ಟರ್ ಎನ್ನುತ್ತಾರೆ. ಟಾರ್ಟೊಲಾದಲ್ಲಿರುವ ರಾಜಧಾನಿ ರೋಡ್ ಟೌನಿನಲ್ಲಿ 1969ರಲ್ಲಿ ದಿ ಮೂರಿಂಗ್ಸ್ ಎಂಬ ಸಂಸ್ಥೆ ಕೆಲವೇ ಹಾಯಿನೌಕೆಗಳಿಂದ ಆರಂಭಿಸಿದ ಈ ವ್ಯವಹಾರ ಮುಂದೆ ದ್ವೀಪಗಳ ಅರ್ಥವ್ಯವಸ್ಥೆಯ ಆಧಾರಗಳಲ್ಲಿ ಒಂದಾಯಿತು. ಸಂಸ್ಥೆಗಳು ಬಾಡಿಗೆದಾರರ ಹಿಂದಿನ ನೌಕಾನುಭವದ ವಿವರವನ್ನು ಕೇಳಿ ಪಡೆದು, ಅದು ಸಾಲದೆಂದು ಕಂಡಾಗ ಸ್ಥಳೀಯ ಕ್ಯಾಪ್ಟನ್ ಒಬ್ಬರನ್ನು ಜೊತೆಗೆ ಕಳುಹಿಸುತ್ತವೆ. ಮೊದಲ ಬಾರಿಗೆ ಬರುವ ಕುಟುಂಬ ಇದನ್ನು ಅಭಿಮಾನದ ಪ್ರಶ್ನೆಯಾಗಿಸಿಕೊಳ್ಳದೆ ಒಪ್ಪುವುದು ಒಳ್ಳೆಯದು, ಏಕೆಂದರೆ ಆ ಕ್ಯಾಪ್ಟನ್‌ಗೆ ಗೊತ್ತಿರುವಷ್ಟು ಕಡಲು ನಕ್ಷೆಗಳಲ್ಲಿ ಇರುವುದಿಲ್ಲ. ಕತ್ತಲಾದ ಮೇಲೆ ಸಂಚರಿಸುವುದನ್ನು ಒಪ್ಪಂದಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ. ಭಾರತದ ಬಂದರುಗಳಿಗೆ ಒಗ್ಗಿದವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಬಂದರಿನ ಒಳಗೆ ಬರುವಾಗ ಭಾರತದಲ್ಲಿ ಎಡಗಡೆಗೆ ಇರುವ ಕೆಂಪು ತೇಲುಗುರುತು ಅಮೆರಿಕ ಖಂಡದ ಕಡಲುಗಳಲ್ಲಿ ಬಲಗಡೆಗೆ ಇರುತ್ತದೆ. ಅಂತರರಾಷ್ಟ್ರೀಯ ನಿಯಮವು ಜಗತ್ತನ್ನು ಎರಡು ವಲಯಗಳಾಗಿ ವಿಂಗಡಿಸಿದೆ.

ಕುಟುಂಬಗಳು ಈಗ ಹೆಚ್ಚಾಗಿ ಆರಿಸಿಕೊಳ್ಳುವುದು ಕಟಮರಾನ್ ಎಂಬ ಜೋಡಿ ಒಡಲಿನ ನೌಕೆಯನ್ನು. ಒಂಟಿ ಒಡಲಿನ ನೌಕೆ ಗಾಳಿಯ ಒತ್ತಡಕ್ಕೆ 15, 20 ಡಿಗ್ರಿ ವಾಲಿಕೊಂಡೇ ಓಡುವುದರಿಂದ ಒಲೆಯ ಮೇಲಿನ ಪಾತ್ರೆಯಿಂದ ಹಿಡಿದು ಮಲಗಿದ ಮಗುವಿನವರೆಗೆ ಎಲ್ಲವೂ ಒಂದು ಪಕ್ಕಕ್ಕೆ ಜಾರುತ್ತವೆ. ಜೋಡಿ ಒಡಲಿನದು ಹೆಚ್ಚು ವಾಲದೆ, ಆಳ ಕಡಿಮೆಯ ನೀರಿನಲ್ಲೂ ನಿಂತು, ನಾಲ್ಕು ಕೋಣೆಗಳಲ್ಲಿ ಎಂಟು ಜನರನ್ನು ಮಲಗಿಸುತ್ತದೆ. ಎರಡು ಮೂರು ಸ್ನೇಹಿತ ಕುಟುಂಬಗಳು ಸೇರಿ ಬಾಡಿಗೆಯನ್ನು ಹಂಚಿಕೊಳ್ಳುವ ರೂಢಿ ಬೆಳೆದಿರುವುದಕ್ಕೆ ಇದೇ ಕಾರಣ. ಆದರೆ ಗಾಳಿಗೆ ಎದುರಾಗಿ ಹತ್ತುವಾಗ ಕಟಮರಾನ್ ಒಂಟಿ ಒಡಲಿನ ನೌಕೆಯಷ್ಟು ಹತ್ತಿರದ ಕೋನದಲ್ಲಿ ಸಾಗುವುದಿಲ್ಲವೆಂಬುದನ್ನೂ, ವಾಲಿಕೊಂಡು ಓಡುವ ನೌಕೆಯ ಚುಕ್ಕಾಣಿ ಹಿಡಿದಾಗ ಅಂಗೈಗೆ ತಿಳಿಯುವ ಗಾಳಿಯ ಸೂಕ್ಷ್ಮ ಏರಿಳಿತ ಇದರಲ್ಲಿ ಮಂದವಾಗುತ್ತದೆಂಬುದನ್ನೂ ಹೇಳದಿರುವುದು ಸರಿಯಲ್ಲ.

ನೌಕೆಯ ಮೇಲಿನ ಸಂಸಾರದಲ್ಲಿ ಮೊದಲು ಕಲಿಯಬೇಕಾದುದು ನೀರಿನ ಮಿತವ್ಯಯ. ತೊಟ್ಟಿಯಲ್ಲಿರುವ ಸಿಹಿನೀರು ಕೆಲವು ನೂರು ಲೀಟರ್ ಮಾತ್ರ. ಕಡಲಲ್ಲಿ ಈಜಿ, ಕಡಲಲ್ಲೇ ಸೋಪು ಹಚ್ಚಿಕೊಂಡು, ಕೊನೆಗೆ ಒಂದು ಚೊಂಬಿನಷ್ಟು ಸಿಹಿನೀರನ್ನು ಮೈಮೇಲೆ ಹರಿಸಿಕೊಳ್ಳುವುದು ರೂಢಿ. ಒಲೆ ನೌಕೆಯ ವಾಲಿಕೆಗೆ ತಕ್ಕಂತೆ ತಾನೇ ತೂಗಿ ಸಮಮಟ್ಟದಲ್ಲಿ ನಿಲ್ಲುವ ಚೌಕಟ್ಟಿನಲ್ಲಿರುತ್ತದೆ, ಅಡುಗೆ ಮುಗಿದೊಡನೆ ಸಿಲಿಂಡರಿನ ಬಳಿಯೇ ಅನಿಲವನ್ನು ಬಂದ್ ಮಾಡುತ್ತಾರೆ, ಏಕೆಂದರೆ ಗಾಳಿಗಿಂತ ಭಾರವಾದ ಅಡುಗೆ ಅನಿಲ ಸೋರಿದರೆ ಹೊರಹೋಗದೆ ನೌಕೆಯ ತಳದಲ್ಲಿ ಶೇಖರವಾಗುತ್ತದೆ. ಹೊಯ್ದಾಟದಿಂದ ಬರುವ ವಾಂತಿಗೆ ಕಾರಣ, ಕಿವಿಯೊಳಗಿನ ಸಮತೋಲನದ ಅಂಗ ಚಲನೆಯನ್ನು ವರದಿ ಮಾಡುತ್ತಿರುವಾಗ ಕೋಣೆಯೊಳಗಿನ ಕಣ್ಣು ಏನೂ ಚಲಿಸುತ್ತಿಲ್ಲವೆಂದು ಹೇಳುವ ವಿರೋಧ. ಅಂಥವರನ್ನು ಮೇಲೆ ಕೂರಿಸಿ ದಿಗಂತವನ್ನು ನೋಡಿಸುವುದು ಉಪಶಮನದ ದಾರಿ, ಚುಕ್ಕಾಣಿಯನ್ನೇ ಕೈಗೆ ಕೊಟ್ಟರೆ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾರೆ.

ಈ ಜೀವನಕ್ರಮ ಕುಟುಂಬಕ್ಕೆ ಕೊಡುವ ಅತಿ ದೊಡ್ಡ ಲಾಭ ವಿಶ್ರಾಂತಿಯಲ್ಲ, ಪ್ರತಿಯೊಬ್ಬರ ಕೆಲಸವೂ ಎಲ್ಲರ ಕಣ್ಣಿಗೆ ಬೀಳುವಂಥ ಬಾಳು. ನೆಲದ ಮೇಲಿನ ಮನೆಯಲ್ಲಿ ಯಾರು ಏನು ಮಾಡಿದರು ಎಂಬುದು ಮರೆಯಾಗಿ ಹೋಗಬಹುದು. ನೌಕೆಯಲ್ಲಿ ಹತ್ತು ವರ್ಷದ ಬಾಲಕಿ ಹಗ್ಗವನ್ನು ಸರಿಯಾಗಿ ಕಟ್ಟಿದಳೇ ಇಲ್ಲವೇ ಎಂಬುದರ ಮೇಲೆ ಎಂಟು ಜನರ ಸುರಕ್ಷತೆ ನಿಂತಿರುತ್ತದೆ, ಮತ್ತು ಅದು ಅವಳಿಗೂ ಗೊತ್ತಿರುತ್ತದೆ. ಸಂಜೆ ನೌಕೆಯನ್ನು ನಿಲ್ಲಿಸುವ ಹೊತ್ತು ಇದರ ನಿಜವಾದ ಪರೀಕ್ಷೆ. ಮುಂಭಾಗದಲ್ಲಿ ಒಬ್ಬರು ಲಂಗರಿನ ಬಳಿ, ಹಿಂಭಾಗದಲ್ಲಿ ಒಬ್ಬರು ಚುಕ್ಕಾಣಿಯ ಬಳಿ ನಿಂತಿದ್ದು, ಎಂಜಿನ್ನಿನ ಸದ್ದು ಮತ್ತು ಗಾಳಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಕೂಗಾಟವಾಗಿ, ಅದೇ ಜಗಳವಾಗಿ ಬೆಳೆಯುವುದು ಅಪರೂಪವಲ್ಲ. ಆದ್ದರಿಂದ ಮುಂದೆ, ಹಿಂದೆ, ನಿಲ್ಲು, ಎಡ, ಬಲ ಎಂಬ ಐದು ಕೈಸನ್ನೆಗಳನ್ನು ದಡ ಬಿಡುವ ಮೊದಲೇ ಒಪ್ಪಿಕೊಳ್ಳುವ ದಂಪತಿಗಳು ಕಡಲಿನಲ್ಲಿ ನೆಮ್ಮದಿಯಾಗಿರುತ್ತಾರೆ.

ಲಂಗರು ನೌಕೆಯನ್ನು ಹಿಡಿದಿಡುವುದು ಬರಿಯ ತೂಕದಿಂದಲ್ಲ, ನೆಲವನ್ನು ಕಚ್ಚಿ ಹೂತುಕೊಳ್ಳುವುದರಿಂದ. ಹಾಗೆ ಹೂತುಕೊಳ್ಳಬೇಕಾದರೆ ಎಳೆತ ಮೇಲ್ಮುಖವಾಗಿರದೆ ನೆಲಕ್ಕೆ ಸಮಾನಾಂತರವಾಗಿರಬೇಕು. ಅದಕ್ಕಾಗಿ ನೀರಿನ ಆಳಕ್ಕೆ ನೌಕೆಯ ಮುಂಭಾಗದ ಎತ್ತರವನ್ನು ಕೂಡಿಸಿ, ಅದರ ಕನಿಷ್ಠ ಐದು ಪಟ್ಟು ಉದ್ದದ ಸರಪಳಿಯನ್ನು ಬಿಡುತ್ತಾರೆ. ಐದು ಮೀಟರ್ ಆಳ ಮತ್ತು ಒಂದು ಮೀಟರ್ ಎತ್ತರವಿದ್ದರೆ ಮೂವತ್ತು ಮೀಟರ್ ಸರಪಳಿ ಬೇಕಾಗುತ್ತದೆ, ಗಾಳಿ ಹೆಚ್ಚಿದ್ದರೆ ಇನ್ನೂ ಹೆಚ್ಚು. ಮರಳಿನ ತಳದಲ್ಲಿ ಇದು ನಿರಪಾಯಕಾರಿ, ಆದರೆ ಹವಳದ ಮೇಲೋ ಕಡಲಹುಲ್ಲಿನ ಮೇಲೋ ಬಿದ್ದರೆ ಗಾಳಿಗೆ ನೌಕೆ ಸುತ್ತಿದಂತೆಲ್ಲ ಸರಪಳಿ ನೆಲವನ್ನು ಗುಡಿಸಿ, ದಶಕಗಳಲ್ಲಿ ಬೆಳೆದ ಹವಳವನ್ನು ಒಂದು ರಾತ್ರಿಯಲ್ಲಿ ಪುಡಿಮಾಡುತ್ತದೆ. ಇದನ್ನು ತಪ್ಪಿಸಲೆಂದೇ ತಳದಲ್ಲಿ ಶಾಶ್ವತವಾಗಿ ಬಿಗಿದ ಹಗ್ಗಕ್ಕೆ ಕಟ್ಟಿದ ತೇಲುಚೆಂಡುಗಳನ್ನು ಕೊಲ್ಲಿಗಳಲ್ಲಿ ಅಳವಡಿಸಲಾಗಿದೆ. ರಾತ್ರಿ ತಂಗುವವರು ಶುಲ್ಕ ಕೊಟ್ಟು ಅವುಗಳಿಗೆ ನೌಕೆಯನ್ನು ಕಟ್ಟುತ್ತಾರೆ. 1961ರಲ್ಲಿ ಸ್ಥಾಪಿತವಾದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ ಹವಳದ ತಾಣಗಳಲ್ಲಿ ಹಗಲಿನ ಬಳಕೆಗಾಗಿ ಇಂಥವನ್ನು ನೋಡಿಕೊಳ್ಳುತ್ತದೆ. ಶುಲ್ಕ ಉಳಿಸಲೆಂದು ಹವಳದ ಮೇಲೆ ಲಂಗರು ಎಸೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದಾರಿಯಲ್ಲಿ ಸಿಗುವ ತಾಣಗಳಲ್ಲಿ ವರ್ಜಿನ್ ಗೋರ್ಡಾದ ದಿ ಬಾತ್ಸ್ ಎಲ್ಲರಿಗೂ ಪರಿಚಿತ: ಭೂಮಿಯೊಳಗೆ ಘನೀಭವಿಸಿದ ಗ್ರಾನೈಟ್ ಜಾತಿಯ ಶಿಲೆ ಮೇಲೆ ಬಂದು, ಬಿರುಕುಬಿಟ್ಟು, ಮೂಲೆಗಳು ಸವೆದು ಉರುಟಾದ ಮನೆಯಷ್ಟು ದೊಡ್ಡ ಬಂಡೆಗಳು ಕಡಲಂಚಿನಲ್ಲಿ ಒಂದರ ಮೇಲೊಂದು ಬಿದ್ದುಕೊಂಡು, ಅವುಗಳ ನಡುವಿನ ಗವಿಗಳಲ್ಲಿ ಬೆಳಕು ತೂರಿಬರುವ ಕೊಳಗಳಾಗಿವೆ, ಹಂಪಿಯ ಬೆಟ್ಟಗಳನ್ನು ಕಂಡವರಿಗೆ ಬಂಡೆಯ ಆಕಾರ ಹೊಸದಲ್ಲ, ಅದರ ಕಾಲಬುಡದ ಕಡಲು ಹೊಸದು. ಸಾಲ್ಟ್ ದ್ವೀಪದ ಬಳಿ 1867ರ ಅಕ್ಟೋಬರ್ 29ರಂದು ಚಂಡಮಾರುತಕ್ಕೆ ಸಿಕ್ಕ ಆರ್‌ಎಂಎಸ್ ರೋನ್ ಎಂಬ ಬ್ರಿಟಿಷ್ ಅಂಚೆಹಡಗು ಬಂಡೆಗೆ ಬಡಿದು, ಬಾಯ್ಲರು ಸಿಡಿದು ಮುಳುಗಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅದರ ಅವಶೇಷ ಇಂದು ಮೀನುಗಳ ಮನೆಯಾಗಿ ಸಂರಕ್ಷಿತ ಕಡಲ ಉದ್ಯಾನವಾಗಿದೆ. ಅದೇ ದ್ವೀಪದ ಉಪ್ಪಿನ ಕೊಳಗಳ ಬಾಡಿಗೆಯಾಗಿ ಬ್ರಿಟನ್ನಿನ ದೊರೆಗೆ ವರ್ಷಕ್ಕೊಂದು ಚೀಲ ಉಪ್ಪು ಸಲ್ಲಿಸುವ ಪದ್ಧತಿಯಿತ್ತು.

ಅನೆಗಾಡಾ ಮಾತ್ರ ಉಳಿದೆಲ್ಲವುಗಳಿಂದ ಭಿನ್ನವಾದ ದ್ವೀಪ. ಉಳಿದವು ಅಗ್ನಿಶಿಲೆಯ ಗುಡ್ಡಗಳಾದರೆ ಇದು ಹವಳ ಮತ್ತು ಸುಣ್ಣಕಲ್ಲಿನಿಂದಾದ ಬಯಲು, ಅದರ ಅತಿ ಎತ್ತರದ ಜಾಗ ಒಂಬತ್ತು ಮೀಟರ್ ಕೂಡ ಇಲ್ಲ. ವರ್ಜಿನ್ ಗೋರ್ಡಾದ ಉತ್ತರಕ್ಕೆ ಸುಮಾರು 15 ನಾವಿಕ ಮೈಲಿ ದೂರದಲ್ಲಿರುವ ಇದು ಹೊರಡುವಾಗ ಕಣ್ಣಿಗೆ ಕಾಣುವುದಿಲ್ಲ; ತುಂಬ ಸಮೀಪಿಸಿದ ಮೇಲೆ ಮೊದಲು ಮರಗಳ ತಲೆಗಳು ನೀರಿನಿಂದೆದ್ದಂತೆ ತೋರಿ, ಆಮೇಲೆ ನೆಲ ಕಾಣುತ್ತದೆ. ಅದರ ಆಗ್ನೇಯಕ್ಕೆ ಮೈಲಿಗಟ್ಟಲೆ ಚಾಚಿಕೊಂಡಿರುವ ಹಾರ್ಸ್‌ಶೂ ರೀಫ್ ಎಂಬ ಹವಳದ ದಿಬ್ಬ ಶತಮಾನಗಳ ಕಾಲ ನೂರಾರು ಹಡಗುಗಳನ್ನು ಒಡೆದಿದೆ. ಈ ಕಾರಣಕ್ಕೆ ಅನನುಭವಿಗಳು ಅಲ್ಲಿಗೆ ಹೋಗುವುದನ್ನು ಬಾಡಿಗೆ ಸಂಸ್ಥೆಗಳು ನಿರ್ಬಂಧಿಸುತ್ತವೆ, ಹೋಗುವವರೂ ಬೆಳಿಗ್ಗೆ ಬೇಗ ಹೊರಟು ಸೂರ್ಯ ನೆತ್ತಿಯ ಮೇಲಿರುವಾಗ ತಲುಪುವಂತೆ ನೋಡಿಕೊಳ್ಳುತ್ತಾರೆ. ಬಿಸಿಲು ಮೇಲಿನಿಂದ ಬಿದ್ದಾಗ ಮಾತ್ರ ನೀರಿನ ಬಣ್ಣವನ್ನು ಓದಲು ಸಾಧ್ಯ: ಕಡುನೀಲಿ ಆಳವನ್ನೂ, ತಿಳಿಹಸಿರು ಮರಳಿನ ತಳವನ್ನೂ, ಕಂದು ಮೇಲ್ಮಟ್ಟಕ್ಕೆ ಹತ್ತಿರವಾದ ಹವಳವನ್ನೂ ಸೂಚಿಸುತ್ತವೆ, ಸೂರ್ಯ ಎದುರಿನಲ್ಲಿ ತಗ್ಗಿದ್ದರೆ ನೀರೆಲ್ಲ ಬೆಳ್ಳಿಯ ಹೊಳಪಾಗಿ ಏನೂ ಕಾಣುವುದಿಲ್ಲ. ಅನೆಗಾಡಾದ ಉಪ್ಪುಕೊಳಗಳಿಗೆ ಫ್ಲೆಮಿಂಗೊ ಹಕ್ಕಿಗಳನ್ನು 1990ರ ದಶಕದಲ್ಲಿ ಮರಳಿ ತಂದು ಬಿಡಲಾಯಿತು. ಈ ದ್ವೀಪಕ್ಕೇ ಸಹಜವಾದ, ಅಳಿವಿನ ಅಂಚಿನಲ್ಲಿರುವ ಇಗ್ವಾನಾ ಎಂಬ ದೊಡ್ಡ ಹಲ್ಲಿಯ ಮರಿಗಳನ್ನು ಕಾಡುಬೆಕ್ಕುಗಳಿಗೆ ಸಿಗದಷ್ಟು ಬೆಳೆಯುವ ತನಕ ಗೂಡುಗಳಲ್ಲಿ ಸಾಕಿ ಬಿಡುವ ಕೆಲಸವೂ ನಡೆದಿದೆ. ಮೊದಲ ದಿನಗಳ ಅವಸರದಲ್ಲಿ ಈ ದ್ವೀಪವನ್ನು ಕೈಬಿಡುವವರು ಪ್ರಯಾಣದ ಅತ್ಯುತ್ತಮ ಭಾಗವನ್ನೇ ಕಳೆದುಕೊಳ್ಳುತ್ತಾರೆ.

ಪ್ರವಾಸಿಗರ ಬರಹಗಳಲ್ಲಿ ಸಾಮಾನ್ಯವಾಗಿ ಮರೆಯಾಗುವ ಸಂಗತಿಯೆಂದರೆ ಈ ಕಡಲಿಗೆ ತನ್ನದೇ ಹಾಯಿಪರಂಪರೆಯಿದೆ ಎಂಬುದು. ಹದಿನೆಂಟನೆಯ ಶತಮಾನದ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ ಮೂಲದವರು 1834ರ ಆಗಸ್ಟ್ 1ರಂದು ಕಾನೂನಿನಿಂದ ಬಿಡುಗಡೆ ಹೊಂದಿದರು. ಮುಂದೆ ತೋಟಗಳು ಕುಸಿದು ಬಿಳಿಯ ಮಾಲೀಕರು ಹೊರಟುಹೋದಾಗ ಉಳಿದ ಈ ಜನ ತುಂಡುಭೂಮಿಯಲ್ಲಿ ಬೆಳೆದು, ದನ ಸಾಕಿ, ಮೀನು ಹಿಡಿದು, ಅವನ್ನೂ ಇದ್ದಿಲನ್ನೂ ಹೇರಿಕೊಂಡು ನೆರೆಯ ಸೇಂಟ್ ಥಾಮಸ್ ದ್ವೀಪದ ಮಾರುಕಟ್ಟೆಗೆ ಸಾಗಿಸಲು ಟಾರ್ಟೊಲಾ ಸ್ಲೂಪ್ ಎಂಬ ಒಂಟಿ ಕೂವೆಮರದ ಹಾಯಿದೋಣಿಗಳನ್ನು ತಾವೇ ಕಟ್ಟಿಕೊಂಡರು. ಗುಡ್ಡದ ಮರದಲ್ಲಿ ಸಹಜವಾಗಿ ಬಾಗಿದ ಕೊಂಬೆಯನ್ನು ಹುಡುಕಿ ದೋಣಿಯ ಪಕ್ಕೆಲುಬಾಗಿಸುವ ಈ ವಿದ್ಯೆ ಕಾಗದದ ನಕ್ಷೆಯಿಲ್ಲದೆ ತಂದೆಯಿಂದ ಮಗನಿಗೆ ಬಂದದ್ದು. ಎಂಜಿನ್ ದೋಣಿಗಳು ಬಂದ ಮೇಲೆ ಸ್ಲೂಪ್‌ಗಳು ಒಂದೊಂದಾಗಿ ಕಣ್ಮರೆಯಾದವು. ಇಂದು ವಿಶ್ರಾಂತಿಗಾಗಿ ಬಂದವರು ಹಾಯಿ ಬಿಚ್ಚುವ ಜಲಮಾರ್ಗವು ಸ್ವತಂತ್ರರಾದ ರೈತ ನಾವಿಕರು ತಮ್ಮ ಬದುಕನ್ನು ತಾವೇ ಕಟ್ಟಿಕೊಂಡ ದಾರಿ. ಇದನ್ನು ತಿಳಿಯದೆ ಅಲ್ಲಿ ಹಾದುಹೋಗುವುದು ಆ ಕಡಲಿಗೆ ಮಾಡುವ ಅನ್ಯಾಯ. ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್ ಇಂದು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿವೆ. ಎರಡೂ ಕಡೆ ಅಮೆರಿಕದ ಡಾಲರೇ ಚಲಾವಣೆಯಲ್ಲಿದ್ದರೂ ಗಡಿ ದಾಟಿದ ನೌಕೆ ಹಳದಿ ಬಾವುಟ ಏರಿಸಿ, ಸುಂಕದ ಕಚೇರಿಯಲ್ಲಿ ಕಾಗದಪತ್ರ ಮುಗಿಸುವವರೆಗೆ ಬೇರೆಲ್ಲೂ ಯಾರೂ ದಡಕ್ಕೆ ಇಳಿಯುವಂತಿಲ್ಲ.

ಊಟಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ ಮುಖ್ಯವಾದುದು. ಹವಳದ ದಿಬ್ಬದ ಪಾಚಿಯಲ್ಲಿರುವ ಸೂಕ್ಷ್ಮಜೀವಿಯೊಂದರ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ ಸಾಂದ್ರವಾಗಿ, ಬ್ಯಾರಕೂಡದಂಥ ಮೀನನ್ನು ತಿಂದವರಲ್ಲಿ ಸಿಗ್ವಟೇರ ಎಂಬ ನರಸಂಬಂಧಿ ವಿಷಬಾಧೆ ಉಂಟುಮಾಡುತ್ತದೆ. ಬೇಯಿಸಿದರೂ ಅದು ನಾಶವಾಗುವುದಿಲ್ಲ, ಆದ್ದರಿಂದ ಹಿಡಿದ ಮೀನನ್ನು ಸ್ಥಳೀಯ ಬೆಸ್ತರಿಗೆ ತೋರಿಸದೆ ತಿನ್ನಬಾರದು. ಮರಳದಂಡೆಯ ಮ್ಯಾಂಚಿನೀಲ್ ಮರದ ಸಣ್ಣ ಸೇಬಿನಂಥ ಹಣ್ಣೂ ಹಾಲೂ ವಿಷವಾದ್ದರಿಂದ ಮಳೆಯಲ್ಲಿ ಅದರ ಕೆಳಗೆ ನಿಲ್ಲುವುದು ಕೂಡ ಅಪಾಯ, ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು.

ಪಯಣಕ್ಕೆ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಕಾಲ ಪ್ರಶಸ್ತ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕದ ದೂರದ ಬಿರುಗಾಳಿಗಳಿಂದ ಹುಟ್ಟಿದ ಉದ್ದಲೆಗಳು ಆಗಾಗ ಬಂದು ಟಾರ್ಟೊಲಾದ ಕೇನ್ ಗಾರ್ಡನ್ ಕೊಲ್ಲಿಯಂಥ ಉತ್ತರದ ತಂಗುದಾಣಗಳನ್ನು ರಾತ್ರಿಯುಳಿಯಲು ಅಯೋಗ್ಯವಾಗಿಸುತ್ತವೆ, ಆಗ ದಕ್ಷಿಣದ ಕೊಲ್ಲಿಗಳಿಗೆ ಸರಿಯಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. 2017ರ ಸೆಪ್ಟೆಂಬರ್ 6ರಂದು ಅತ್ಯುಗ್ರವಾದ ಐದನೆಯ ವರ್ಗದ ಇರ್ಮಾ ಚಂಡಮಾರುತ ಗಂಟೆಗೆ 280 ಕಿಲೋಮೀಟರಿಗೂ ಮೀರಿದ ಗಾಳಿಯೊಡನೆ ನೇರವಾಗಿ ಈ ದ್ವೀಪಗಳ ಮೇಲೆ ಹಾದುಹೋದಾಗ ಮನೆಗಳ ಚಾವಣಿ ಹಾರಿದವು, ಗುಡ್ಡಗಳ ಮೇಲೆ ಒಂದು ಹಸಿರು ಎಲೆಯೂ ಉಳಿಯಲಿಲ್ಲ. ಟಾರ್ಟೊಲಾದ ಪರಾಕೀಟಾ ಕೊಲ್ಲಿ ಕಾಂಡ್ಲಾ ಕಾಡಿನಿಂದ ಸುತ್ತುವರಿದ, ತಲತಲಾಂತರದಿಂದ ದೋಣಿಗಳಿಗೆ ಬಿರುಗಾಳಿಯ ಆಸರೆಯಾಗಿದ್ದ ಹಿನ್ನೀರು. ಅಲ್ಲಿ ಸಾಲಾಗಿ ಕಟ್ಟಿದ್ದ ಬಾಡಿಗೆ ನೌಕೆಗಳು ಹಗ್ಗ ಹರಿದು ಒಂದರ ಮೇಲೊಂದು ರಾಶಿಯಾದವು, ಗಾಳಿಯೂ ಒಡೆದ ನೌಕೆಗಳೂ ಸೇರಿ ಕಾಂಡ್ಲಾ ಕಾಡನ್ನು ನೆಲಸಮ ಮಾಡಿದವು. ನೌಕೆಗಳು ಕೆಲವೇ ವರ್ಷಗಳಲ್ಲಿ ಮರಳಿ ಬಂದವು. ಕಾಡು ಅಷ್ಟು ಬೇಗ ಬರಲಿಲ್ಲ. ಒಡಲುಗಳನ್ನು ಕಾಪಾಡುವ ಬೇರುಗಳಿಲ್ಲದೆ ಮುಂದಿನ ಚಂಡಮಾರುತವನ್ನು ಎದುರಿಸುವಂತಿಲ್ಲವೆಂದು ತಿಳಿದ ದ್ವೀಪದ ಕಾಲೇಜು ಕೆಂಪು ಕಾಂಡ್ಲಾ ಸಸಿಗಳ ತೋಟವನ್ನು ಬೆಳೆಸಿತು. ಆ ಸಸಿಗಳನ್ನು ದಂಡೆಗಳಲ್ಲಿ ಮತ್ತೆ ನೆಡುವ ಕೆಲಸಕ್ಕೆ ದ್ವೀಪದ ಜನರು ಕೈಜೋಡಿಸಿದ್ದಾರೆ.